ಕೌಸರ ಕೂರದ ಕುರ್ಚಿ

ಬೆಳಿಗ್ಗೆ ಆರೂವರೆ. ವಡಾಲದ ನಾಲ್ಕು ರಸ್ತೆ ಕೂಡುವಲ್ಲಿ ಟ್ರಾಫಿಕ್ ಪೊಲೀಸ್ ಕೌಸರ ನಿಂತಿದ್ದಾರೆ. ಪಕ್ಕದಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ. ಹದಿನಾಲ್ಕು ದಿನಗಳಿಂದ ಅದು ಖಾಲಿ.

ನಾಲ್ಕು ತಿಂಗಳ ಹಿಂದೆ ಸಿಗ್ನಲ್ ಹಾರಿಸಿ ಬಂದ ಬೈಕೊಂದು ಅವರ ಎಡಮಂಡಿಗೆ ಗುದ್ದಿತು. ರಜೆ ಮುಗಿಸಿ ಬಂದಾಗ ಸಾಹೇಬರು ಷರತ್ತು ಹಾಕಿದರು: ಹದಿನೈದು ದಿನ, ಪಾಳಿಯ ಎಂಟು ತಾಸೂ ನಿಂತೇ ಇರಬೇಕು. ಒಮ್ಮೆ ಕುಳಿತರೂ ಕಾಯಂ ಕಚೇರಿ ಕೆಲಸ. ನಿಗಾ ಇಡುವ ಹೊಣೆ ಹವಾಲ್ದಾರ್ ಶಿವಪುತ್ರ ಅವರದು. ಕುರ್ಚಿ ತಂದಿಟ್ಟವರೂ ಅವರೇ. ಇಂದು ಕೊನೆಯ ದಿನ.

"ಕುಂದ್ರವ್ವಾ ಚೂರು. ನಾ ಆ ಕಡೆ ಮಾರಿ ಮಾಡ್ತೀನಿ."

"ಬ್ಯಾಡ್ರಿ ಕಾಕಾ. ನಿಮ್ಮ ಮಾರಿ ನೋಡಿ ಆ ಕಡೀ ಟ್ಯಾಕ್ಸಿದವ್ರು ಹೆದರ್ತಾರ."

ಮೂವತ್ತಮೂರರ ಕೌಸರ ಹತ್ತು ವರ್ಷದ ಹಿಂದೆ ಐಸ್ ಡಾನ್ಸರ್, ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿ ಜೋಡಿಯಾಗಿ ಕುಣಿಯುವವರು. ಪರೇಲ್‌ನ ಚಾಳಿನ ಮನೆಯಿಂದ ಹೊರಟು, ಮಾಲ್ ತೆರೆಯುವ ಮುನ್ನ ಅಲ್ಲಿನ ಪುಟ್ಟ ಐಸ್ ರಿಂಕ್‌ನಲ್ಲಿ ಅಭ್ಯಾಸ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಎರಡು ಬೆಳ್ಳಿ. ಹುಬ್ಬಳ್ಳಿಯಿಂದ ಬಂದು ಹೊಲಿಗೆ ಹಿಡಿದ ತಾಯಿ ನೂರಜಹಾನ ಮಗಳ ಉಡುಪಿಗೆ ಮಣಿ ಕೂರಿಸುತ್ತಿದ್ದರು. ಬೆನ್ನುನೋವಿನಿಂದ ಜೊತೆಗಾರ ಅನುರಾಗ್ ಆಟ ಬಿಟ್ಟ. ಜೋಡಿ ಮುರಿದರೆ ಈ ಆಟವೂ ಮುಗಿಯಿತು. ಪೊಲೀಸ್ ಭರ್ತಿಯಲ್ಲಿ ಕೌಸರ ಪದಕಗಳ ಮಾತೆತ್ತಲಿಲ್ಲ. ಎಲ್ಲರ ಜೊತೆ ಓಡಿದರು, ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದರು.

ರಸ್ತೆಗಿಳಿದ ಮೊದಲ ವಾರವೇ ತಪ್ಪಾಯಿತು. ಡಾನ್ಸಿನಲ್ಲಿ ಎತ್ತಿದ ಕೈ ಥಟ್ಟನೆ ನಿಲ್ಲಬಾರದು, ಬಾಗಿ ತೇಲುತ್ತಾ ಕೊನೆಗಾಣಬೇಕು. ‘ನಿಲ್ಲು’ ಎಂದು ಎತ್ತಿದ ಕೈ ಹಾಗೇ ತೇಲಿತು. ಟೆಂಪೋದವನು ‘ಬಾ’ ಎಂದುಕೊಂಡು ನುಗ್ಗಿದ, ಸ್ಕೂಟರೊಂದು ಕೂದಲೆಳೆಯಲ್ಲಿ ಪಾರಾಯಿತು. "ಮೇಡಂ, ಇದು ಗಣಪತಿ ಪೆಂಡಾಲ್ ಅಲ್ಲ" ಎಂದು ಜೊತೆಯವರು ನಕ್ಕರು. ಒಂದು ತಿಂಗಳು ಅವರು ಕನ್ನಡಿಯ ಮುಂದೆ ಕೈ ನಿಲ್ಲಿಸುವುದನ್ನು ಕಲಿತರು. ಒಂದನ್ನು ಮಾತ್ರ ಬಿಡಲಿಲ್ಲ. ಜೊತೆಗಾರನ ಸ್ಕೇಟಿನ ಬ್ಲೇಡ್ ವಾಲುವುದನ್ನು ನೋಡಿ ಅವನ ತಿರುವು ತಿಳಿಯುತ್ತಿದ್ದವರು, ಈಗ ಬೈಕಿನ ಮುಂದಿನ ಗಾಲಿ ನೋಡುತ್ತಾರೆ. "ಮಾರಿ ಸುಳ್ಳು ಹೇಳ್ತೈತಿ, ಗಾಲಿ ಹೇಳಂಗಿಲ್ಲ" ಎನ್ನುತ್ತಾರೆ.

ನಾಲ್ಕೂ ಕಡೆ ಕೆಂಪು ದೀಪ ಬೀಳುವ ಎರಡು ಮೂರು ಸೆಕೆಂಡು ಇಡೀ ಚೌಕ ಉಸಿರು ಹಿಡಿಯುತ್ತದೆ. ಹಾಡು ಶುರುವಾಗುವ ಮುಂಚೆ ಐಸ್ ಮೇಲೆ ಇರುತ್ತಿದ್ದುದೂ ಇದೇ ಮೌನ. ಇದಕ್ಕಾಗಿಯೇ ಅವರಿಗೆ ರಸ್ತೆ ಬೇಕು.

"ಕುರಸಿ ಮ್ಯಾಲೆ ಕುಂತ್ರೂ ಪಗಾರ ಅಷ್ಟs ಬೇಟಾ" ಎಂದು ತಾಯಿ ಮುಂಜಾನೆಯೂ ಹೇಳಿದ್ದರು.

"ಕುಂದ್ರಾಕ ಯಾರ ಬೇಕಾದ್ರೂ ಸಿಗ್ತಾರ ಅಮ್ಮೀ."

ಹತ್ತು ಗಂಟೆಗೆ ಒಂದು ಟ್ಯಾಕ್ಸಿಯ ಕನ್ನಡಿ ಮೊಳಕೈಗೆ ಬಡಿಯುತ್ತದೆ. ಕೌಸರ ಬೀಳುತ್ತಾರೆ. ಶಿವಪುತ್ರ ಕುರ್ಚಿ ಎತ್ತಿಕೊಂಡು ಓಡಿ ಬರುತ್ತಾರೆ. ಅಷ್ಟರಲ್ಲಿ ಕೌಸರ ಬಲಗಾಲೂರಿ, ತೊಡೆಯ ಮೇಲೆ ಅಂಗೈ ಒತ್ತಿ, ಸ್ಕೇಟರ್ ಏಳುವಂತೆ ಎದ್ದಾಗಿದೆ. ಅಂಗಿಯ ತೋಳು ಹರಿದಿದೆ. ಕೈ ಮೇಲೇರಿ ಕಂಬದಂತೆ ನಿಂತಿದೆ.

"ಹುಚ್ಚಿ ಅದೀ ಏನ? ರಕ್ತ ಬರಾಕತ್ತೈತಿ!"

"ಬಿದ್ದಾಗ ಹಾಡು ನಿಲ್ಲಂಗಿಲ್ಲ ಕಾಕಾ. ಸರೀರಿ, ಬಸ್ ಬಿಡಬೇಕು."

ಎರಡೂವರೆಗೆ ಪಾಳಿ ಮುಗಿಯುತ್ತದೆ. ಹದಿನೈದೂ ದಿನ ಕೌಸರ ಕೂರಲಿಲ್ಲ ಎಂಬ ಕಾಗದಕ್ಕೆ ಶಿವಪುತ್ರ ಸಹಿ ಹಾಕಿ, ‘ಉಸ್ಸಪ್ಪಾ’ ಎಂದು ತಾವೇ ಆ ಕುರ್ಚಿಯಲ್ಲಿ ಕುಸಿಯುತ್ತಾರೆ. ಅಂಗಿಯ ಹರಿದ ತೋಳನ್ನು ಇಂದೇ ಅಮ್ಮೀ ಹೊಲಿದುಕೊಡಬೇಕು. ಕೌಸರ ಅವರಿಗೆ ಸದ್ಯ ಇರುವ ಆಸೆ ಅದೊಂದೇ.

"ನಾಳೆ ಕುರಸಿ ತರೂದಾದ್ರ ತರ್ರಿ ಕಾಕಾ" ಎನ್ನುತ್ತಾರೆ. "ನಿಮಗ ಬೇಕಾಗ್ತೈತಿ."