ಗೌರಜ್ಜಿಯ ಮಳೆ

1961, ನನಗೆ ಇಪ್ಪತ್ತಾರು ವರ್ಷ. ಮೋಡವೇ ಕಾಣದ ಫೆಬ್ರವರಿಯಲ್ಲೂ ಕುಕ್ಕುವಾಡದ ನನ್ನ ಮಳೆಮಾಪಕದ ಬಾಟಲಿಯಲ್ಲಿ ನೀರಿತ್ತು. ವಿಶ್ವವಿದ್ಯಾನಿಲಯಕ್ಕಾಗಿ ಅಲ್ಲಿಯ ಹಳ್ಳದ ಜಲಾನಯನವನ್ನು ಅಧ್ಯಯನ ಮಾಡುತ್ತಿದ್ದ ನನ್ನ ಸಂಶೋಧನೆಯೇ ಸುಳ್ಳಾಗುವಂತಿತ್ತು. ಪ್ರತಿ ಸೋಮವಾರ ತಮ್ಮ ಹಿತ್ತಲಿನಿಂದ ಬಾಟಲಿಯನ್ನು ತಂದುಕೊಡುತ್ತಿದ್ದ ಗೌರಜ್ಜಿಯನ್ನು ವಿಚಾರಿಸಿದೆ.

“ಖಾಲಿ ಇದ್ರೆ ನಾನೇ ಒಂದೀಟು ನೀರು ಹಾಕ್ತೀನ್ರಿ ಮೇಷ್ಟ್ರೆ. ಮನಿಗೆ ಬಂದೋರಿಗೆ ಬರೇ ಪಾತ್ರೆ ಹೆಂಗೆ ಕೊಡಾದು?”

“ಖಾಲಿ ಇದ್ದರೆ ಖಾಲಿಯೇ ಬೇಕು, ಅಜ್ಜಿ.”

“ಖಾಲಿ ಬಾಟ್ಲಿ ನೋಡಾಕೆ ದಾವಣಗೆರೆಯಿಂದ ಸೈಕಲ್ ತುಳೀತೀರೇನ್ರಿ?” ಎಂದು ನಕ್ಕರು.

ಮುಂದಿನ ಸೋಮವಾರ ಅಜ್ಜಿ ಒಣಗಿದ ಬಾಟಲಿಯನ್ನೇ ಕೊಟ್ಟರು. ಆದರೆ ನನ್ನ ಇನ್ನೊಂದು ಅಂಗೈಯಲ್ಲಿ ಬೆಲ್ಲದ ತುಂಡೊಂದನ್ನು ಇಟ್ಟರು. ಬೆಲ್ಲ ಅಂಟಿದ ಬೆರಳುಗಳಿಂದಲೇ ಮಳೆಯ ಲೆಕ್ಕದ ಪುಸ್ತಕದಲ್ಲಿ ಮೊದಲ ಸೊನ್ನೆಯನ್ನು ಬರೆದೆ. ಕಲೆಯಾದ ಆ ಪುಟ ಈಗಲೂ ನನ್ನಲ್ಲಿದೆ. ಅದರ ದಿನಾಂಕ 27ನೇ ಫೆಬ್ರವರಿ 1961.