ನೇರಳೆ ಚುಕ್ಕೆಯ ರೇಡಿಯೊ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ರೇಡಿಯೊ ಅಕ್ಕ ಆಗಲೇ ಬೆಸುಗೆ ಕಡ್ಡಿ ಕಾಯಿಸಿಕೊಂಡು ಕೂತಿದ್ದಾರೆ. ಬೆರಳ ತುದಿಯಲ್ಲಿ ಉಗುರಿನಗಲದ ಚಾರ್ಜಿಂಗ್ ಮಾಡ್ಯೂಲ್. ಹಳೇ ರೇಡಿಯೊದ ಸೆಲ್ ಹಾಕುವ ಜಾಗದಲ್ಲಿ ಲಿಥಿಯಂ ಬ್ಯಾಟರಿ ಕೂರಿಸಿ ಇದನ್ನು ಬೆಸೆದರಾಯಿತು, ಮೊಬೈಲ್ ಚಾರ್ಜರನ್ನೇ ಚುಚ್ಚಬಹುದು. ತುಂಬುವಾಗ ಕೆಂಪು ದೀಪ, ತುಂಬಿದ ಮೇಲೆ ನೀಲಿ.

"ಹಾಡ್ತಿರುವಾಗ ಚಾರ್ಜಿಗೆ ಹಾಕ್ಬೇಡಿ ಅಂತ ಬಡ್ಕೋತೀನಿ. ಹೊಟ್ಟೆ ತುಂಬಿದ್ದೇ ಅದಕ್ಕೆ ಗೊತ್ತಾಗಲ್ಲ. ಯಾರು ಕೇಳ್ತಾರೆ!" ಎಂದು ಅಕ್ಕ ಗೊಣಗುತ್ತಾರೆ.

ಅಕ್ಕ ಒಂದು ಕಾಲಕ್ಕೆ ರೇಡಿಯೊ ಕಾರ್ಖಾನೆಯ ಬೆಸುಗೆ ಸಾಲಿನಲ್ಲಿದ್ದವರು. ಯಾರ ಕೈಕೆಲಸ ಎಂದು ತಿಳಿಯಲಿ ಅಂತ ಹುಡುಗಿಯರು ಬೋರ್ಡಿನ ಮೇಲೆ ತಂತಮ್ಮ ಉಗುರುಬಣ್ಣದ ಚುಕ್ಕೆ ಇಡುತ್ತಿದ್ದರು. ಅದೇ ಅವರ ಹೆಸರೂ ಆಗಿಬಿಟ್ಟಿತ್ತು. ಇವರು ಕೆಂಪಿ, ಪಕ್ಕದ ಸ್ಟೂಲಿನ ಗೆಳತಿ ನೇರಳೆ. ನೇರಳೆ ಬೆಸೆದದ್ದನ್ನು ಕೆಂಪಿ ನೋಡಿ ಪಾಸ್ ಮಾಡಬೇಕು. ಆ ನಗು, ಆ ಜಗಳ, ಆ ರಾಳದ ಹೊಗೆಯ ವಾಸನೆ! ಹೇಳುವಾಗ ಅಕ್ಕನ ಮುಖಕ್ಕೆ ಹದಿನೆಂಟರ ಕಳೆ ಬರುತ್ತದೆ. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಟಾರ್ಚು, ಮಿಕ್ಸಿ, ಆಟಿಕೆ ರಿಪೇರಿ ಮಾಡಿಯೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದರು. ಈಗ ದಿನಕ್ಕೆ ಮೂರೋ ನಾಲ್ಕೋ ರೇಡಿಯೊ ಬರುತ್ತವೆ.

ಇವತ್ತು ಮೇಜಿನ ಮೇಲಿರುವುದು ನೇರಳೆಯ ಮನೆಯದೇ, ನೇರಳೆಯೇ ಬೆಸೆದದ್ದು. ಆಕೆ ತೀರಿಕೊಂಡು ವರ್ಷ ತುಂಬಿಲ್ಲ. ಗಂಡ, ವೃತ್ತಿಯಲ್ಲಿ ದರ್ಜಿ, ಬಾಗಿಲ ಬಳಿ ಮುದುಡಿ ಕೂತಿದ್ದಾರೆ. ದೊಡ್ಡ ಅಂಗಡಿಯವರು ಒಳಗಿನದೆಲ್ಲ ಕಿತ್ತು ಹೊಸ ಬೋರ್ಡ್ ಹಾಕುತ್ತೇವೆ ಎಂದರಂತೆ.

"ಒಳಗಿರೋದು ಅವಳ ಕೈ ಕಣಮ್ಮಾ," ಎನ್ನುತ್ತಾರೆ ದರ್ಜಿ. "ಅದನ್ನೇ ಕಿತ್ತ ಮೇಲೆ ಖಾಲಿ ಡಬ್ಬ ಇಟ್ಕೊಂಡು ಏನ್ಮಾಡ್ಲಿ?"

ಮಾಡ್ಯೂಲ್ ಕೂತಿತು, ಚಾರ್ಜರ್ ಚುಚ್ಚಿ ಕಾದ ಮೇಲೆ ನೀಲಿ ದೀಪವೂ ಬಂತು. ವೈರು ಕಿತ್ತು ಗುಂಡಿ ತಿರುಗಿಸಿದರೆ ಒಮ್ಮೆ ಗೊರಕ್ ಎಂದು ಸುಮ್ಮನಾಯಿತು. ಜಪ್ಪಯ್ಯ ಅಂದರೂ ಸದ್ದಿಲ್ಲ. ದರ್ಜಿಯ ಮುಖ ಬಾಡಿಹೋಯಿತು. ಅಕ್ಕ ಭೂತಗನ್ನಡಿ ಹಿಡಿದು ಬಗ್ಗುತ್ತಾರೆ. ನೇರಳೆ ಚುಕ್ಕೆಯ ಪಕ್ಕದಲ್ಲೇ ಒಂದು ಬೆಸುಗೆ ಸರಿಯಾಗಿ ಹಿಡಿದಿಲ್ಲ.

"ಅಯ್ಯೋ ಪುಣ್ಯಾತ್ಗಿತ್ತಿ! ಊಟದ ಬೆಲ್ ಹೊಡೆದ್ರೆ ಸಾಕು, ಹೀಗೇ ತೇಲಿಸಿಬಿಡೋಳು. ನಾನು ರಜೆ ಹಾಕಿದ ದಿನದ್ದಿರ್ಬೇಕು ಇದು." ಕಡ್ಡಿ ಎತ್ತಿಕೊಂಡರು. ಒಂದು ಹನಿ ಸೀಸ ಮುಟ್ಟಿಸಿದರೆ ಮುಗಿಯಿತು.

"ತಡಿಯಮ್ಮಾ," ದರ್ಜಿ ಎದ್ದೇಬಿಟ್ಟರು. "ಅವಳಿದ್ದಾಗ್ಲೂ ಹೀಗೇ ನಿಲ್ತಿತ್ತು. ತಲೆ ಮೇಲೊಂದು ತಟ್ಟಿ, 'ಬಾಯಿ ಬಿಡೇ ಬಿಂಕದವಳೇ' ಅನ್ನೋಳು."

ಕಡ್ಡಿ ಅಲ್ಲೇ ನಿಂತಿತು. ಕೆಟ್ಟ ಬೆಸುಗೆ ಕಂಡರೆ ಮೈಯೆಲ್ಲ ಉರಿಯುವ ಹೆಂಗಸು ಇವರು. ಅದನ್ನೂ ನೇರಳೆ ಚುಕ್ಕೆಯನ್ನೂ ತುಂಬ ಹೊತ್ತು ನೋಡಿದರು. ಆಮೇಲೆ ಮುಚ್ಚಳ ಹಾಕಿ ರೇಡಿಯೊವನ್ನು ದರ್ಜಿಯತ್ತ ಸರಿಸಿದರು. ಆತ ಅದರ ತಲೆ ಮೇಲೆ ಮೆಲ್ಲಗೆ ತಟ್ಟಿದರು. ರೇಡಿಯೊ ಕೆಮ್ಮಿ, ಹಾಡಿನ ನಡುವಿನಿಂದಲೇ ಶುರುವಿಟ್ಟುಕೊಂಡಿತು. ದರ್ಜಿ ಅದನ್ನು ಎದೆಗವಚಿಕೊಂಡು ಅಳುತ್ತಾ ನಗುತ್ತಾ ಬೀದಿಗಿಳಿದರು.

"ತಪ್ಪು ಅಂತ ಗೊತ್ತಿದ್ದೂ ಬಿಟ್ಟು ಕಳಿಸಿದ್ದು ನನ್ನ ಜನ್ಮದಲ್ಲಿ ಇದೊಂದೇ," ಕಡ್ಡಿಯ ತುದಿ ಒರೆಸುತ್ತಾ ಅಕ್ಕ ಹೇಳುತ್ತಾರೆ. "ಅವಳಿದ್ದಿದ್ರೆ ಕುಣಿದಾಡೋಳು. 'ಅಂತೂ ಪಾಸ್ ಮಾಡಿದ್ಯಲ್ಲೇ ಕೆಂಪಿ' ಅಂತ."