ಸಂಸ್ಕೃತ ವಾರ್ತೆಯ ಮಾತ್ರೆ

ಹೋದ ವಾರ ನಮ್ಮ ಬೀದಿಯ ಇಸ್ತ್ರಿ ಗಾಡಿಯವನ ಇದ್ದಿಲ ಚೀಲ ಮಳೆಗೆ ನೆನೆದಿತ್ತು. ಸೀರೆ ಕೊಡಲು ಹೋದವಳು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. "ಯಾಕ್ ಮೇಡಂ, ಉಷಾರಿಲ್ವಾ?" ಎಂದ. ಏನಿಲ್ಲಪ್ಪ ಎಂದು ಮನೆಗೆ ಬಂದೆ. ಒದ್ದೆ ಇದ್ದಿಲಿನ ವಾಸನೆ ಎಂದರೆ ನನಗೆ ವಿದ್ಯಾರಣ್ಯಪುರಂನ ವಠಾರ, ಗೋಡೆಯಾಚೆಯ ಆ ಹೆಂಗಸು…

ತೊಂಬತ್ತರ ದಶಕ. ನಾನಾಗ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಪಕ್ಕದ ಮನೆಯಾಕೆ ಊದುಬತ್ತಿ ಹೊಸೆಯುತ್ತಿದ್ದರು. ಸುಗಂಧ ಬೆರೆಸುವುದೆಲ್ಲ ಕಾರ್ಖಾನೆಯವರ ಕೆಲಸ. ಆಕೆಯ ಮನೆಗೆ ಬರುತ್ತಿದ್ದುದು ಬಿದಿರು ಕಡ್ಡಿ, ಇದ್ದಿಲ ಪುಡಿ, ಅಂಟಿನ ಪುಡಿ ಅಷ್ಟೇ; ಪುಡಿಗಳನ್ನು ನೀರಿನಲ್ಲಿ ಕಲಸಿ ಕಡ್ಡಿಗೆ ಹೊಸೆಯಬೇಕು. ಬೆರಳಿನ ಮಸಿ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ವಠಾರಕ್ಕೆಲ್ಲ ಆಕೆ ಕಡ್ಡಿಯಮ್ಮ. ಗಂಡ ಇರಲಿಲ್ಲ. ಒಬ್ಬನೇ ಮಗ, ಇಪ್ಪತ್ತೈದರ ಆಸುಪಾಸು. ಕಡಕೊಳದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು ಒಂದು ದಿನ ಮೂರ್ಛೆ ಬಂದು ಯಂತ್ರದ ಪಕ್ಕದಲ್ಲೇ ಬಿದ್ದ. ಕೈಗಡಿಯಾರ ಒಡೆಯಿತು, ಕೆಲಸವೂ ಹೋಯಿತು. ಅಂದಿನಿಂದ ದಿನಕ್ಕೆ ಮೂರು ಮಾತ್ರೆ, ಒಂದು ಹೊತ್ತೂ ತಪ್ಪಿಸಬಾರದೆಂದು ಡಾಕ್ಟರು ಹೇಳಿದ್ದರು. ಮಾತ್ರೆಯ ಮಂಪರಿನಲ್ಲಿ ಅವನಿಗೆ ಬೆಳಗು ಸಂಜೆಗಳ ಪರಿವೆಯೇ ಇರಲಿಲ್ಲ.

ಕಡ್ಡಿಯಮ್ಮನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಬೇಕೂ ಇರಲಿಲ್ಲ, ರೇಡಿಯೋ ಇತ್ತಲ್ಲ! ಬೆಳಗಿನ ನಾದಸ್ವರಕ್ಕೆ ಒಲೆ ಹೊತ್ತುತ್ತಿತ್ತು, ಚಿಂತನಕ್ಕೆ ಕಾಫಿ ಇಳಿಯುತ್ತಿತ್ತು. ಚಿತ್ರಗೀತೆ ಮುಗಿಯುವುದರೊಳಗೆ ಇಷ್ಟು ಕಡ್ಡಿ ಎಂಬ ಲೆಕ್ಕ. ಮಾತ್ರೆಗಳಿಗೂ ಹಾಗೆಯೇ ಹೆಸರಿಟ್ಟಿದ್ದರು: ಬೆಳಗಿನದು ಸಂಸ್ಕೃತ ವಾರ್ತೆಯ ಮಾತ್ರೆ, ಮಧ್ಯಾಹ್ನದ್ದು ಹೆಂಗಸರ ಕಾರ್ಯಕ್ರಮದ್ದು, ಸಂಜೆಯದು ರೈತರದು. ಸಂಸ್ಕೃತದ ಒಂದಕ್ಷರ ಆಕೆಗೆ ತಿಳಿಯದು. ಆದರೂ ಆ ದನಿ ಕೇಳಿದೊಡನೆ, "ಏಳೋ, ಸಂಸ್ಕೃತ ಬಂತು ಕಣೋ, ನುಂಗ್ಬುಡು" ಎಂದು ಮಗನನ್ನು ಎಬ್ಬಿಸುತ್ತಿದ್ದರು. ನಾನು ಗೋಡೆಯ ಈಚೆ ಜಡೆ ಹೆಣೆದುಕೊಳ್ಳುತ್ತ ನಗುತ್ತಿದ್ದೆ. ಸ್ಟಾಫ್ ರೂಮಿನಲ್ಲೂ ಹೇಳಿ ನಗಿಸಿದ್ದೆ.

ಒಂದು ಬೆಳಿಗ್ಗೆ ಎದ್ದರೆ ರೇಡಿಯೋದಲ್ಲಿ ನಾದಸ್ವರವಿಲ್ಲ. ದೇಶದ ದೊಡ್ಡ ಮನುಷ್ಯರೊಬ್ಬರು ರಾತ್ರಿ ತೀರಿಕೊಂಡಿದ್ದರು. ಎಂದಿನ ಕಾರ್ಯಕ್ರಮಗಳೆಲ್ಲ ರದ್ದು. ದಿನವಿಡೀ ಶಹನಾಯಿ, ಸಾರಂಗಿ. ನಡುವೆ ದಿಲ್ಲಿಯಿಂದ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತು. ಸರ್ಕಾರ ರಜೆ ಕೊಟ್ಟಿತ್ತು, ಹಾಗಾಗಿ ಶಾಲೆಯ ಗಂಟೆಯಿಲ್ಲ, ಕಾರ್ಖಾನೆಯ ಸೈರನ್ನೂ ಇಲ್ಲ. ಸಾಲದ್ದಕ್ಕೆ ದಟ್ಟ ಮೋಡ, ಬಿಸಿಲಿನ ಸುಳಿವಿಲ್ಲ.

ಕಡ್ಡಿಯಮ್ಮ ಬಾಗಿಲಿಗೆ ಬಂದರು. "ಟೀಚ್ರಮ್ಮ, ರೇಡಿಯೋಗೆ ಏನ್ ಬಂತೋ ಕಣಮ್ಮ, ಬೆಳಿಗ್ಗಿಂದ ಬರೀ ಪೀಪಿ ಊದ್ತಾವ್ರೆ. ಗಂಟೆ ಎಷ್ಟಾಯ್ತು?" ಹೇಳಿದೆ. ಹೋಗಿ ಬೆಳಗಿನ ಮಾತ್ರೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. ಮತ್ತೆ ಹೇಳಿದೆ. ನಾಲ್ಕನೆಯ ಸಲ ಬಂದಾಗ ಮಧ್ಯಾಹ್ನ, ನಾನು ಮಲಗಿದ್ದೆ. ಅಪರೂಪಕ್ಕೆ ಸಿಕ್ಕಿದ ರಜೆ, ಕಣ್ಣು ಆಗಷ್ಟೇ ಹತ್ತಿತ್ತು. ಮಲಗಿದಲ್ಲಿಂದಲೇ ರೇಗಿದೆ: "ಎಷ್ಟು ಸಲ ಕೇಳ್ತೀರಿ? ಒಂದು ಗಡಿಯಾರ ಇಟ್ಕೋಬಾರ್ದೇನ್ರೀ?"

ಬಾಗಿಲಾಚೆಯಿಂದಲೇ "ಆಯ್ತು ಬುಡಿ, ಮನೀಕಳಿ" ಎಂದರು, ಮೆಲ್ಲಗೆ. ಚಪ್ಪಲಿಯ ಸದ್ದು ದೂರವಾಯಿತು. ಎದ್ದು ಗಂಟೆ ಹೇಳಬಹುದಿತ್ತು. ನಾನು ಮಗ್ಗುಲು ಬದಲಿಸಿದೆ…

ಆಮೇಲೆ ಆಕೆ ಬರಲಿಲ್ಲ. ರೇಡಿಯೋ ಸರಿಹೋಗುತ್ತದೆ, ಹೆಂಗಸರ ಕಾರ್ಯಕ್ರಮ ಬಂದೇ ಬರುತ್ತದೆ ಎಂದು ಕಾಯುತ್ತ ಕಡ್ಡಿ ಹೊಸೆಯುತ್ತಿದ್ದರಂತೆ. ಸಂಜೆ ಮಗ ಬಚ್ಚಲಿಗೆ ಹೋದವನು ಮೂರ್ಛೆ ಬಂದು ಬಿದ್ದ. ತುಂಬಿದ ತೊಟ್ಟಿಯ ಅಂಚಿಗೆ ತಲೆ ಬಡಿದು, ಮುಖ ನೀರಿನೊಳಗಾಗಿತ್ತು. ಆಕೆಯ ಕೂಗಿಗೆ ನಾವೆಲ್ಲ ಓಡುವ ಹೊತ್ತಿಗೆ ಮುಗಿದುಹೋಗಿತ್ತು. ಆಕೆ ಸೆರಗಿನ ಗಂಟು ಬಿಚ್ಚಿ ನನಗೇ ತೋರಿಸಿದರು. ಎರಡು ಬಿಳಿ ಮಾತ್ರೆ. "ಮಧ್ಯಾಹ್ನದ್ದೂ ಇಲ್ಲೇ ಅದೆ, ಸಂಜೇದೂ ಇಲ್ಲೇ ಅದೆ ಟೀಚ್ರಮ್ಮ. ರೈತ್ರುದು ಬರ್ನೇ ಇಲ್ಲ."

ಹೊತ್ತಿಗೆ ಸರಿಯಾಗಿ ಒಂದು ಮಾತ್ರೆ ಕೊಡಲಾಗಲಿಲ್ಲವೇ ಎಂದು ವಠಾರ ಆಕೆಯನ್ನು ಹಿಂದೆ ಮುಂದೆ ಆಡಿಕೊಂಡಿತು. ನಾನು ಬಾಯಿ ಬಿಡಲಿಲ್ಲ. ಆಕೆಯೂ ಆ ಮಧ್ಯಾಹ್ನದ ಮಾತನ್ನು ಯಾರ ಬಳಿಯೂ ಎತ್ತಲಿಲ್ಲ. ಆಕೆ ಎತ್ತಿಯಾರೆಂದು ನಾನು ಹೆದರಿಕೊಂಡೇ ದಿನ ದೂಡಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ತಿಥಿ ಕಳೆದ ಮೇಲೆ ಒಂದು ಭಾನುವಾರ ಕಡ್ಡಿಯಮ್ಮ ನನ್ನ ಮನೆಗೆ ಬಂದರು. ಕಂಕುಳಲ್ಲಿ ಹೊಸ ಗೋಡೆ ಗಡಿಯಾರ. "ನೀವ್ ಅವತ್ತು ಅಂದ್ರಲ್ಲ, ತಂದ್ಬುಟ್ಟೆ. ನೋಡೋದ್ ಎಂಗೆ, ಒಸಿ ಹೇಳ್ಕೊಡ್ತೀರಾ?" ಎಂದರು. ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನನಗೇ ಹಗುರಾಗುತ್ತಿತ್ತು.

ಮೂರನೇ ತರಗತಿಯ ಮಕ್ಕಳಿಗೆ ಪ್ರತಿವರ್ಷ ಮಾಡುವ ಪಾಠ ಅದು. ಚಾಪೆಯ ಮೇಲೆ ಕೂರಿಸಿ, ಮುಳ್ಳು ತಿರುಗಿಸಿ ತಿರುಗಿಸಿ ಹೇಳಿಕೊಟ್ಟೆ. ಚಿಕ್ಕ ಮುಳ್ಳು ಗಂಟೆ, ದೊಡ್ಡ ಮುಳ್ಳು ನಿಮಿಷ. ಮಸಿ ಹಿಡಿದ ಬೆರಳನ್ನು ಗಾಜಿನ ಮೇಲಿಟ್ಟು ಐದು, ಹತ್ತು, ಹದಿನೈದು ಎಂದು ಎಣಿಸಿದರು. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ನಾನು ಇಟ್ಟ ಯಾವ ಗಂಟೆಯನ್ನೂ ತಪ್ಪಿಲ್ಲದೆ ಹೇಳತೊಡಗಿದರು. ಆಮೇಲೆ ಮುಖವೆತ್ತಿ ನನ್ನನ್ನೇ ನೋಡಿದರು.

"ಇಷ್ಟೇನಾ, ಟೀಚ್ರಮ್ಮ?"

ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ಮುಂದೆ ಕಡ್ಡಿಯಮ್ಮ ಹಿನಕಲ್ಲಿನ ತಂಗಿಯ ಮನೆ ಸೇರಿಕೊಂಡರು, ಅಲ್ಲೇ ತೀರಿಕೊಂಡರೆಂದು ಎಷ್ಟೋ ದಿನಗಳ ಮೇಲೆ ತಿಳಿಯಿತು. ಕ್ಷಮಿಸಿ ಎನ್ನಲು ಈಗ ಆಕೆಯಿಲ್ಲ. ನಾನು ನಿವೃತ್ತಳಾದಾಗ, ಎಷ್ಟೊಂದು ಮಕ್ಕಳಿಗೆ ಅಕ್ಷರ ಕಲಿಸಿದವರು ಎಂದು ಹೊಗಳಿ ಶಾಲು ಹೊದಿಸಿದರು. ಗಡಿಯಾರ ನೋಡುವುದು ಒಂದು ಲೋಟ ಕಾಫಿಯ ಹೊತ್ತಿನ ಪಾಠ. ಆ ಗೋಡೆಯ ಈಚೆ ನಾನು ಆರು ವರ್ಷ ಇದ್ದೆ.